ಸಂತಾನ ಚಿಕಿತ್ಸೆಯ ಯಶಸ್ಸು: ಯಾರ ಲೆಕ್ಕ, ಯಾವ ಲೆಕ್ಕ?

ಬೈಯಪ್ಪನಹಳ್ಳಿಯಿಂದ ಇಂದಿರಾನಗರ, ಹಲಸೂರು ದಾಟಿ ಶಿವಾಜಿನಗರದವರೆಗೆ ಓಡಾಡುವವರಿಗೆ ಸಂತಾನ ಚಿಕಿತ್ಸಾ ಕೇಂದ್ರಗಳ ಜಾಹೀರಾತು ಹೊಸದೇನಲ್ಲ. ನಗುವ ಮಗುವಿನ ಚಿತ್ರ, ಅದರ ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ಒಂದು ಶೇಕಡಾವಾರು. ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ನಲ್ಲಿ ಇಳಿಯುವ ಹೊರಜಿಲ್ಲೆಗಳ ಪ್ರಯಾಣಿಕರಲ್ಲಿಯೂ ಆ ಅಂಕಿಯನ್ನು ನಂಬಿ ಬಂದ ದಂಪತಿಗಳಿರುತ್ತಾರೆ. ಕೈಯಲ್ಲಿ ಹಳೆಯ ವರದಿಗಳ ಫೈಲು, ಊರಲ್ಲಿ ಅಡವಿಟ್ಟು ಬಂದ ಒಡವೆ, ಬಾಯಲ್ಲಿ ದುಆ. ಅವರ ಪೈಕಿ ನಮ್ಮ ಸಮುದಾಯದವರೂ ಕಡಿಮೆಯಿಲ್ಲ.

ಚಿಕಿತ್ಸೆ ಬೇಡವೆಂದು ಹೇಳುವುದು ನಮ್ಮ ಉದ್ದೇಶವಲ್ಲ. ಪ್ರತಿಯೊಂದು ರೋಗಕ್ಕೂ ಅಲ್ಲಾಹನು ಮದ್ದನ್ನು ಇಳಿಸಿದ್ದಾನೆಂದು ಕಲಿಸಿದ ಪ್ರವಾದಿ(ಸ)ರ ಅನುಯಾಯಿಗಳಿಗೆ ವೈದ್ಯರ ಬಾಗಿಲು ತಟ್ಟುವುದು ತವಕ್ಕುಲ್‌ಗೆ ವಿರುದ್ಧವಾದ ಕೆಲಸವಲ್ಲ. ಮುಪ್ಪಿನಲ್ಲಿ, ಎಲುಬುಗಳು ಸವೆದು ತಲೆ ನರೆತ ಮೇಲೂ ಝಕರಿಯ್ಯಾ(ಅ)ರು ಸಂತಾನಕ್ಕಾಗಿ ಮೊರೆಯಿಟ್ಟದ್ದನ್ನು ಪವಿತ್ರ ಕುರ್‌ಆನ್ ಸೂರಃ ಮರ್ಯಮ್‌ನಲ್ಲಿ ಎಷ್ಟು ಆರ್ದ್ರವಾಗಿ ವಿವರಿಸುತ್ತದೆ! ಮಗುವನ್ನು ಬಯಸುವುದು ದೌರ್ಬಲ್ಯವಲ್ಲ, ಪ್ರವಾದಿಗಳೂ ಬಯಸಿದ್ದರು. ನಮ್ಮ ಆತಂಕ ಬೇರೆ. ಜಾಹೀರಾತಿನ ಆ ಶೇಕಡಾವಾರು ಹಲವು ಬಾರಿ ಮುಸ್ಲಿಮ್ ದಂಪತಿಯ ಲೆಕ್ಕವೇ ಆಗಿರುವುದಿಲ್ಲ. ಅದು ಯಾರದೋ ಲೆಕ್ಕ. ಹೀಗೆ ಹೇಳಲು ಕಾರಣವಿದೆ.

ಮೊದಲು ಇತಿಹಾಸದ ಒಂದೆರಡು ಮಾತು. 1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಜಗತ್ತಿನ ಮೊದಲ ಪ್ರಣಾಳ ಶಿಶು ಲೂಯಿಸ್ ಬ್ರೌನ್ ಜನಿಸಿದಳು. ಎರಡೇ ತಿಂಗಳುಗಳ ತರುವಾಯ, ಅಕ್ಟೋಬರ್ 3ರಂದು, ಕೋಲ್ಕತ್ತಾದಲ್ಲಿ ಡಾ. ಸುಭಾಷ್ ಮುಖರ್ಜಿಯವರ ಪ್ರಯತ್ನದಿಂದ ಮತ್ತೊಂದು ಹೆಣ್ಣು ಮಗು ಹುಟ್ಟಿತು. ಸರಕಾರಿ ಸಮಿತಿ ಅವರ ಮಾತನ್ನು ನಂಬಲಿಲ್ಲ. ಅವಮಾನದಿಂದ ನೊಂದ ಆ ವೈದ್ಯ 1981ರಲ್ಲಿ ತಮ್ಮ ಬದುಕನ್ನು ತಾವೇ ಕೊನೆಗಾಣಿಸಿಕೊಂಡರು. ಬೆಂಗಳೂರಿನಲ್ಲಿ ಈ ಚಿಕಿತ್ಸೆಗೆ ದಾರಿ ಮಾಡಿದವರಲ್ಲಿ ಡಾ. ಸುಲೋಚನಾ ಗುಣಶೀಲ ಅವರ ಹೆಸರನ್ನು ಇಂದಿಗೂ ನೆನೆಯಲಾಗುತ್ತದೆ. ಅಂದು ನಿಜವನ್ನೂ ನಂಬಲು ಸಿದ್ಧವಿರದ ಸಮಾಜ, ಇಂದು ಫಲಕದ ಮೇಲಿನ ಅಂಕಿಯೊಂದನ್ನು ಪ್ರಶ್ನೆಯೇ ಇಲ್ಲದೆ ನಂಬುತ್ತಿರುವುದು ವಿಚಿತ್ರ.

ಇಸ್ಲಾಮೀ ವಿದ್ವಾಂಸರು ಈ ವಿಷಯದಲ್ಲಿ ಹಿಂದೆ ಬೀಳಲಿಲ್ಲ ಎಂಬುದನ್ನೂ ತಿಳಿದಿರಬೇಕು. ಲೂಯಿಸ್ ಬ್ರೌನ್ ಹುಟ್ಟಿ ಎರಡು ವರ್ಷವೂ ತುಂಬುವ ಮೊದಲೇ, 1980ರ ಮಾರ್ಚ್‌ನಲ್ಲಿ, ಈಜಿಪ್ಟಿನ ಶೈಖ್ ಜಾದುಲ್ ಹಕ್ಕ್ ಅವರ ಫತ್ವಾ ಹೊರಬಂತು. 1986ರಲ್ಲಿ ಜೋರ್ಡಾನಿನ ಅಮ್ಮಾನ್‌ನಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್‌ಹ್ ಅಕಾಡೆಮಿ ಅಂದಿನ ಏಳು ವಿಧಾನಗಳನ್ನು ಒಂದೊಂದಾಗಿ ಪರಿಶೀಲಿಸಿ, ಐದನ್ನು ನಿಷಿದ್ಧವೆಂದೂ, ಅಗತ್ಯವಿದ್ದಾಗ ಪೂರ್ಣ ಎಚ್ಚರಿಕೆಯೊಂದಿಗೆ ಎರಡಕ್ಕೆ ಅಡ್ಡಿಯಿಲ್ಲವೆಂದೂ ತೀರ್ಮಾನಿಸಿತು. ಅನುಮತಿ ಪಡೆದ ಆ ಎರಡರಲ್ಲೂ ವೀರ್ಯಾಣು ಪತಿಯದೇ, ಅಂಡಾಣು ಪತ್ನಿಯದೇ, ಬೆಳೆಯುವುದು ಅದೇ ಪತ್ನಿಯ ಗರ್ಭದಲ್ಲೇ. ನಿಕಾಹ್ ಅಸ್ತಿತ್ವದಲ್ಲಿರುವಾಗಲೇ ಇದೆಲ್ಲ ನಡೆಯಬೇಕು. ಮೂರನೆಯವರ ಅಂಡಾಣುವಾಗಲಿ, ವೀರ್ಯಾಣುವಾಗಲಿ, ಗರ್ಭವಾಗಲಿ ನಡುವೆ ಬರಬಾರದು. ಶಿಯಾ ವಿದ್ವಾಂಸರ ಪೈಕಿ ಕೆಲವರು, ವಿಶೇಷವಾಗಿ ಇರಾನಿನಲ್ಲಿ, ಷರತ್ತುಗಳೊಂದಿಗೆ ಭಿನ್ನ ಅಭಿಪ್ರಾಯ ತಾಳಿದ್ದಾರೆ. ಆದರೆ ಸುನ್ನೀ ವಿದ್ವಾಂಸರ ಬಹುದೊಡ್ಡ ಸಮೂಹದ ನಿಲುವು ಇಂದಿಗೂ ಇದೇ. ಇದರ ಹಿಂದಿರುವುದು ನಸಬ್‌ನ, ಅಂದರೆ ವಂಶಸಂಬಂಧದ ರಕ್ಷಣೆ. ಮಗುವಿಗೆ ತಾನು ಯಾರ ಮಗು ಎಂದು ತಿಳಿಯುವ ಹಕ್ಕಿದೆ. ವಾರೀಸು ಯಾರದು, ಮದುವೆ ಯಾರೊಂದಿಗೆ ಸಲ್ಲದು ಎಂಬುದೆಲ್ಲ ಅದನ್ನೇ ಅವಲಂಬಿಸಿದೆ.

ಇನ್ನು ಲೆಕ್ಕಕ್ಕೆ ಬರೋಣ. ಬ್ರಿಟನ್ನಿನಲ್ಲಿ ಈ ಚಿಕಿತ್ಸೆಯ ಮೇಲೆ 1991ರಿಂದ ಶಾಸನಬದ್ಧ ಪ್ರಾಧಿಕಾರವೊಂದು ಕಣ್ಣಿಟ್ಟಿದೆ. ಯಾವ ಕ್ಲಿನಿಕ್‌ನಲ್ಲಿ ಎಷ್ಟು ಭ್ರೂಣಗಳನ್ನು ಇರಿಸಲಾಯಿತು, ಎಷ್ಟು ಮಕ್ಕಳು ಹುಟ್ಟಿದರು ಎಂಬುದನ್ನು ಅದು ಸಾರ್ವಜನಿಕರ ಮುಂದಿಡುತ್ತದೆ. ಅಲ್ಲಿನ 2019ರ ಅಂಕಿಗಳು ಹೀಗಿವೆ: ಪತ್ನಿಯ ಸ್ವಂತ ಅಂಡಾಣು ಮತ್ತು ಸಂಗಾತಿಯ ವೀರ್ಯಾಣುವಿನಿಂದ ಆದ ಭ್ರೂಣವೊಂದನ್ನು ಗರ್ಭದಲ್ಲಿಟ್ಟಾಗ ಜೀವಂತ ಮಗು ಹುಟ್ಟಿದ ಪ್ರಮಾಣ 35 ವರ್ಷದೊಳಗಿನ ಮಹಿಳೆಯರಲ್ಲಿ ಶೇ. 32. 35ರಿಂದ 37ರ ವಯಸ್ಸಿನಲ್ಲಿ ಶೇ. 25, 38–39ರಲ್ಲಿ ಶೇ. 19, 40ರಿಂದ 42ರಲ್ಲಿ ಶೇ. 11. 43 ದಾಟಿದ ಮೇಲೆ ಶೇ. 5ರ ಆಸುಪಾಸು. ಒಳ್ಳೆಯ ಪ್ರಯೋಗಾಲಯ, ಕಟ್ಟುನಿಟ್ಟಿನ ನಿಗಾ, ದಶಕಗಳ ಅನುಭವ ಇರುವ ದೇಶದ ಫಲಿತಾಂಶವಿದು. ಅತ್ಯಂತ ಅನುಕೂಲಕರ ವಯಸ್ಸಿನಲ್ಲೂ ಮೂರರಲ್ಲಿ ಎರಡು ಪ್ರಯತ್ನಗಳು ಮಗುವಿನಲ್ಲಿ ಕೊನೆಗೊಳ್ಳುವುದಿಲ್ಲ.

ಬೆಂಗಳೂರಿನ ಫಲಿತಾಂಶವೂ ಅಚ್ಚು ಹೊಡೆದಂತೆ ಹೀಗೆಯೇ ಇರಬೇಕೆಂದಿಲ್ಲ. ಆದರೆ ವಯಸ್ಸಿನ ವಿಷಯದಲ್ಲಿ ನಮ್ಮವರು ಹೆಚ್ಚು ಎಚ್ಚರವಾಗಿರಬೇಕಾದ ಕಾರಣವಿದೆ. ಸ್ಪೇನ್ ಮತ್ತು ಭಾರತದ ಮಹಿಳೆಯರನ್ನು ಹೋಲಿಸಿ 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಭಾರತೀಯ ಮಹಿಳೆಯರ ಅಂಡಾಶಯ ಸುಮಾರು ಆರು ವರ್ಷ ಮುಂಚೆಯೇ ಮುಪ್ಪಿಗೆ ಸರಿಯುವ ಲಕ್ಷಣ ಕಂಡುಬಂದಿತ್ತು. ಹಾಗಿರುವಾಗ ಫಲಕದ ಮೇಲಿನ ಶೇ. 70, ಶೇ. 80 ಎಲ್ಲಿಂದ ಬರುತ್ತದೆ?

ಅಂಕಿ ಪೂರ್ತಿ ಸುಳ್ಳೇ ಆಗಿರಬೇಕೆಂದಿಲ್ಲ. ಭಾಗಿಸುವ ಸಂಖ್ಯೆಯನ್ನು ಬದಲಿಸಿದರೆ ಸಾಕು. ಲೆಕ್ಕ ತಿಳಿಯುವ ಸಲುವಾಗಿ ಮಾತ್ರ, ಯಾವ ಕೇಂದ್ರದ್ದೂ ಅಲ್ಲದ ಒಂದು ಉದಾಹರಣೆ ನೋಡೋಣ. ನೂರು ಮಹಿಳೆಯರು ಚುಚ್ಚುಮದ್ದು ಆರಂಭಿಸಿದರು. ಕೆಲವರಲ್ಲಿ ಅಂಡಾಣು ಸಿಗಲಿಲ್ಲ, ಕೆಲವರಲ್ಲಿ ಭ್ರೂಣ ಬೆಳೆಯಲಿಲ್ಲ; ಗರ್ಭಕ್ಕೆ ಭ್ರೂಣ ಇಡುವ ಹಂತ ತಲುಪಿದವರು 75. ಅವರ ಪೈಕಿ ರಕ್ತಪರೀಕ್ಷೆಯಲ್ಲಿ ಗರ್ಭ ನಿಂತ ಸೂಚನೆ ಬಂದದ್ದು 40 ಮಂದಿಗೆ. ಸ್ಕ್ಯಾನಿಂಗ್‌ನಲ್ಲಿ ಹೃದಯ ಬಡಿತ ಕಂಡದ್ದು 32 ಮಂದಿಯಲ್ಲಿ. ಮಡಿಲಲ್ಲಿ ಮಗು ಮಲಗಿದ್ದು 26 ಮನೆಗಳಲ್ಲಿ. ಈಗ 75ರಲ್ಲಿ 40 ಎಂದು ಬರೆದರೆ ಶೇ. 53 ಯಶಸ್ಸು, ಆರಂಭಿಸಿದ ನೂರರಲ್ಲಿ ಮಗು ಪಡೆದವರೆಷ್ಟು ಎಂದು ಬರೆದರೆ ಶೇ. 26. ಎರಡೂ ಅದೇ ನೂರು ಮಹಿಳೆಯರ ಕಥೆ. ಒಡವೆ ಅಡವಿಟ್ಟು ಬಂದ ಮನೆಯವರಿಗೆ ಬೇಕಾಗಿರುವುದು ಎರಡನೆಯದು. ಫಲಕಕ್ಕೆ ಹೊಂದುವುದು ಮೊದಲನೆಯದು.

ಮೂರು ಸುತ್ತುಗಳ ಫಲಿತಾಂಶವನ್ನು ಒಟ್ಟುಗೂಡಿಸಿ ಹೇಳುವುದು ಇನ್ನೊಂದು ರೀತಿ. ಒಂದು ಸುತ್ತಿಗೆ ಶೇ. 30 ಎಂದರೆ ಮೂರು ಸುತ್ತಿಗೆ ಶೇ. 90 ಎಂದು ಭಾವಿಸುವವರಿದ್ದಾರೆ. ಹಾಗಲ್ಲ. ನೂರು ದಂಪತಿಗಳಲ್ಲಿ 30 ಮಂದಿಗೆ ಮೊದಲ ಸುತ್ತಿನಲ್ಲಿ, ಉಳಿದ 70ರಲ್ಲಿ 21 ಮಂದಿಗೆ ಎರಡನೆಯದರಲ್ಲಿ, ಉಳಿದ 49ರಲ್ಲಿ ಸುಮಾರು 15 ಮಂದಿಗೆ ಮೂರನೆಯದರಲ್ಲಿ. ಒಟ್ಟು 66. ಮೂರು ಸುತ್ತು ಮುಗಿದ ಮೇಲೂ 34 ಮನೆಗಳು ಖಾಲಿ. ಇದೂ ಸ್ವಲ್ಪ ಉದಾರ ಲೆಕ್ಕವೇ. ಮೊದಲೆರಡು ಬಾರಿ ಕೈಗೂಡದವರಿಗೆ ಮೂರನೆಯ ಬಾರಿ ಅದೇ ಅವಕಾಶ ಉಳಿದಿರುತ್ತದೆಂದು ಹೇಳಲಾಗದು. ಖಾಸಗಿಯಲ್ಲಿ ಒಂದು ಸುತ್ತಿಗೆ ಸಾಮಾನ್ಯವಾಗಿ ಒಂದೂವರೆಯಿಂದ ಎರಡೂವರೆ ಲಕ್ಷ ರೂಪಾಯಿ ಎಂದಿಟ್ಟುಕೊಂಡರೆ, ಮೂರು ಸುತ್ತೆಂದರೆ ಏನೆಂದು ಓದುಗರೇ ಗುಣಿಸಿಕೊಳ್ಳಲಿ. ಆಯುಷ್ಮಾನ್ ಭಾರತ್‌ನಂಥ ಯೋಜನೆಯಲ್ಲಿ ಇದಕ್ಕೆ ಆಸ್ಪದವಿಲ್ಲ.

ಈಗ ನಾವು ಮುಖ್ಯವೆಂದು ಭಾವಿಸುವ ವಿಷಯ. ಬಹಳಷ್ಟು ದೊಡ್ಡ ಅಂಕಿಗಳ ಒಳಗೆ ದಾನಿಯ ಅಂಡಾಣು ಬಳಸಿದ ಪ್ರಕರಣಗಳೂ ಸೇರಿರಬಹುದು. ನಮ್ಮ ದೇಶದ ಕಾನೂನಿನ ಪ್ರಕಾರ ಅಂಡಾಣು ದಾನಿಯ ವಯಸ್ಸು 23ರಿಂದ 35ರ ನಡುವೆ ಇರಬೇಕು. ಗರ್ಭ ಧರಿಸುವವಳಿಗೆ 43 ವರ್ಷವಾಗಿದ್ದರೂ ಅಂಡಾಣು 25ರ ಹೆಣ್ಣಿನದಾದರೆ, ಫಲಿತಾಂಶ ಹೆಚ್ಚುಕಡಿಮೆ 25ರ ಹೆಣ್ಣಿನ ಫಲಿತಾಂಶವೇ. ಏಕೆಂದರೆ ವಯಸ್ಸಿನಿಂದ ಮೊದಲು ಸೋಲುವುದು ಅಂಡಾಣು, ಗರ್ಭಕೋಶವಲ್ಲ. ಆದ್ದರಿಂದ ನಲವತ್ತು ದಾಟಿದವರಲ್ಲಿಯೂ ನಮ್ಮಲ್ಲಿ ಅರ್ಧಕ್ಕರ್ಧ ಯಶಸ್ಸು ಎಂದು ಯಾರಾದರೂ ಹೇಳಿದಾಗ, ಕೇಳಬೇಕಾದ ಪ್ರಶ್ನೆ ಒಂದೇ: ಅಂಡಾಣು ಯಾರದು? ದಾನಿಯ ಅಂಡಾಣು ಯಾರ ಪಾಲಿಗೆ ನಿಷಿದ್ಧವೋ ಅಂಥ ದಂಪತಿಗೆ ಶೇ. 50 ಎಂಬುದು ಅಸ್ತಿತ್ವದಲ್ಲೇ ಇಲ್ಲದ ಅಂಕಿ. ಅವರ ಅಂಕಿ ಶೇ. 11 ಆಗಿರಬಹುದು, ಶೇ. 5 ಆಗಿರಬಹುದು. ಅದನ್ನು ತಿಳಿದುಕೊಂಡೂ ಪ್ರಯತ್ನಿಸುತ್ತೇವೆಂದರೆ ಅದು ಅವರ ಸ್ವಾತಂತ್ರ್ಯ, ಅಲ್ಲಾಹನ ಕೃಪೆಗೆ ಮಿತಿಯಿಲ್ಲ. ತಿಳಿಯದೆ ಹಣ ಕಟ್ಟಿದರೆ ಅದು ವಂಚನೆಗೆ ಬಲಿಯಾದಂತೆ.

ಇದಕ್ಕಿಂತ ಕ್ರೂರವಾದ ಸಂದರ್ಭ ಮತ್ತೊಂದಿದೆ. ಎರಡು ಸುತ್ತು ವಿಫಲವಾಗಿ, ಹಣ ಕರಗಿ, ಪತ್ನಿಯ ದೇಹ ಬಸವಳಿದ ಹೊತ್ತಿನಲ್ಲಿ, ಇನ್ನು ದಾನಿಯ ಅಂಡಾಣು ಬಳಸಿದರೆ ಖಂಡಿತ ಆಗುತ್ತದೆ ಎಂಬ ಸಲಹೆ ಬರುತ್ತದೆ. ಆ ಕ್ಷಣದಲ್ಲಿ ದೀನಿನ ತೀರ್ಪನ್ನು ನೆನಪಿಸಿಕೊಳ್ಳುವುದು ಸುಲಭವಲ್ಲ. ದಣಿದ ಮನಸ್ಸು ಸಹಿ ಹಾಕಿಬಿಡುತ್ತದೆ. ಪಶ್ಚಾತ್ತಾಪ ಆಮೇಲೆ ಬರುತ್ತದೆ. ವೈದ್ಯರನ್ನು ದೂರಿ ಫಲವಿಲ್ಲ, ಅವರ ಪಾಲಿಗೆ ಅದು ಕಾನೂನುಬದ್ಧ ಚಿಕಿತ್ಸೆ. ದಾನಿಯ ವಿಷಯದಲ್ಲಿ ತಮ್ಮ ನಿಲುವೇನೆಂದು ಮೊದಲ ಭೇಟಿಯಲ್ಲೇ ಬರವಣಿಗೆಯಲ್ಲಿ ತಿಳಿಸಿಬಿಡುವುದು ದಂಪತಿಯ ಹೊಣೆ.

ಹೀಗೆ ಕೇಳುವ ಹಕ್ಕನ್ನು ಕಾನೂನೇ ನೀಡಿದೆ ಎಂಬುದು ಬಹಳಷ್ಟು ಮಂದಿಗೆ ಗೊತ್ತಿಲ್ಲ. 2022ರ ಜನವರಿಯಿಂದ ಜಾರಿಯಲ್ಲಿರುವ ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ ನಿಯಂತ್ರಣ ಕಾಯ್ದೆ, 2021 ಹೇಳುವಂತೆ, ಆ ಕ್ಲಿನಿಕ್‌ನಲ್ಲಿ ಚಿಕಿತ್ಸೆ ಕೈಗೂಡುವ ಸಾಧ್ಯತೆ ಎಷ್ಟು, ವೆಚ್ಚವೆಷ್ಟು, ಅಡ್ಡ ಪರಿಣಾಮಗಳೇನು, ಅವಳಿ-ತ್ರಿವಳಿ ಗರ್ಭದ ಅಪಾಯವೇನು ಎಂಬುದನ್ನೆಲ್ಲ ದಂಪತಿಗೆ ತಿಳಿಹೇಳುವುದು ಕ್ಲಿನಿಕ್‌ನ ಕರ್ತವ್ಯ. ದೂರು ಆಲಿಸುವ ವ್ಯವಸ್ಥೆಯೂ ಪ್ರತಿ ಕ್ಲಿನಿಕ್‌ನಲ್ಲಿ ಇರಬೇಕು. ನೋಂದಣಿಯಲ್ಲಿ ಎರಡು ಹಂತಗಳಿವೆ: ಮೊದಲ ಹಂತದ ಕ್ಲಿನಿಕ್ ಐಯುಐ ಮಾತ್ರ ಮಾಡಬಹುದು, ಐವಿಎಫ್‌ಗೆ ಎರಡನೆಯ ಹಂತದ ನೋಂದಣಿ ಬೇಕು. ಬ್ರಿಟನ್ನಿನಂತೆ ಕ್ಲಿನಿಕ್‌ವಾರು ಫಲಿತಾಂಶವನ್ನು ಮನೆಯಲ್ಲೇ ಕುಳಿತು ಹೋಲಿಸಿ ನೋಡುವ ಪಟ್ಟಿ ನಮ್ಮ ಕೈಗೆ ಬರುವವರೆಗೂ, ಎದುರು ಕುಳಿತು ಕೇಳುವುದೊಂದೇ ದಾರಿ. ಪತ್ನಿಯ ವಯೋಮಾನದವರಲ್ಲಿ, ಸ್ವಂತ ಅಂಡಾಣುವಿನಿಂದ, ಚಿಕಿತ್ಸೆ ಆರಂಭಿಸಿದ ಪ್ರತಿ ನೂರು ಮಂದಿಯಲ್ಲಿ ಕಳೆದ ವರ್ಷ ಎಷ್ಟು ಮಕ್ಕಳು ಹುಟ್ಟಿದರು? ಬರೆದುಕೊಡಿ ಎಂದು ಕೇಳಿದರೆ ಒಳ್ಳೆಯ ವೈದ್ಯರು ಮುನಿಸಿಕೊಳ್ಳುವುದಿಲ್ಲ. ಮಾದರಿಗಳು ಅದಲುಬದಲಾಗದಂತೆ ಪ್ರಯೋಗಾಲಯದಲ್ಲಿ ಇಬ್ಬರು ಪರಿಶೀಲಿಸುತ್ತಾರೆಯೇ ಎಂಬುದನ್ನೂ ಕೇಳಬೇಕು. ನಸಬ್‌ನ ಬಗ್ಗೆ ಕಾಳಜಿಯುಳ್ಳವರಿಗೆ ಇದು ಸಣ್ಣ ವಿಷಯವಲ್ಲ. ಉಳಿದ ಭ್ರೂಣಗಳ ಬಗ್ಗೆ ಒಪ್ಪಿಗೆ ಪತ್ರದಲ್ಲಿ ಏನು ಬರೆದಿದೆ ಎಂಬುದೂ ಅಷ್ಟೇ ಮುಖ್ಯ. ಶೀತಲೀಕರಿಸಿದ ಭ್ರೂಣವನ್ನು ಕಾನೂನು ಹತ್ತು ವರ್ಷಗಳವರೆಗೆ ಇಡಲು ಬಿಡುತ್ತದೆ. ಪತಿ ತೀರಿಕೊಂಡರೆ ಅಥವಾ ತಲಾಕ್ ಆದರೆ ಆ ಭ್ರೂಣವನ್ನು ಬಳಸಲಾಗದು ಎಂಬುದು ನಮ್ಮ ಫಿಕ್‌ಹ್‌ನ ನಿಲುವು. ಆ ಫಾರಂನಲ್ಲಿ ಗುರುತು ಹಾಕುವಾಗ ಹೆಚ್ಚಿನ ದಂಪತಿಗಳು ಓದುವುದೇ ಇಲ್ಲ.

ಹಣದ ವಿಷಯ. ಕಂತಿನಲ್ಲಿ ಕಟ್ಟಿ ಎಂದು ಕೌಂಟರಿನಲ್ಲೇ ಫೈನಾನ್ಸ್ ಕಂಪೆನಿಯ ಪ್ರತಿನಿಧಿಯನ್ನು ಕೂರಿಸುವುದುಂಟು. ಬಡ್ಡಿಯನ್ನು ಅಲ್ಲಾಹನು ಎಷ್ಟು ಕಠೋರವಾಗಿ ನಿಷೇಧಿಸಿದ್ದಾನೆಂದು ತಿಳಿದಿರುವ ಮನೆಗಳೇ, ಸಂತಾನ ಎಂಬ ಒಂದು ಮಾತಿಗೆ ಕಣ್ಣು ಮುಚ್ಚಿ ಸಹಿ ಮಾಡುತ್ತವೆ. ಗರ್ಭ ನಿಲ್ಲದಿದ್ದರೂ ಕಂತು ನಿಲ್ಲುವುದಿಲ್ಲ. ಇದರ ಜೊತೆಗೆ ಹೆಚ್ಚುವರಿ ಸೇವೆಗಳ ಪಟ್ಟಿ ಬೇರೆ: ಗರ್ಭಕೋಶದ ಒಳಪೊರೆಯನ್ನು ಕೆರೆಯುವುದು, ಭ್ರೂಣದ ಹೊರಪದರಕ್ಕೆ ಲೇಸರ್, ಹೀಗೆ. ಇಂಥ ಹಲವು ಸೇರ್ಪಡೆಗಳಿಂದ ಮಗು ಹುಟ್ಟುವ ಅವಕಾಶ ಹೆಚ್ಚುತ್ತದೆಂಬುದಕ್ಕೆ ಗಟ್ಟಿ ಪುರಾವೆಯಿಲ್ಲವೆಂದು ಬ್ರಿಟನ್ನಿನ ಪ್ರಾಧಿಕಾರವೇ ಬಹಿರಂಗವಾಗಿ ಹೇಳಿದೆ.

ಇಷ್ಟು ದೂರ ಬರುವ ಮುನ್ನವೇ ಎಡವುವ ಮನೆಗಳೂ ಇವೆ. ಕನ್ನಡದಲ್ಲಿ ‘ಬಂಜೆ’ ಎಂಬ ಪದ ಹೆಣ್ಣಿಗೆ ಮಾತ್ರ; ದಖ್ಖನಿಯಲ್ಲೂ ‘ಬಾಂಝ್’ ಎಂದರೆ ಹೆಣ್ಣೇ. ಗಂಡಸಿನ ಬಂಜೆತನಕ್ಕೆ ಮನೆಮಾತಿನಲ್ಲಿ ಒಂದು ಪದವೂ ಇಲ್ಲದಿರುವುದು ಆಕಸ್ಮಿಕವಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಪ್ರಕಟಿಸಿದ ವರದಿಯಂತೆ ಜಗತ್ತಿನ ವಯಸ್ಕರಲ್ಲಿ ಆರರಲ್ಲಿ ಒಬ್ಬರು ಬದುಕಿನ ಯಾವುದಾದರೊಂದು ಘಟ್ಟದಲ್ಲಿ ಬಂಜೆತನವನ್ನು ಎದುರಿಸುತ್ತಾರೆ. ಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಗಂಡಸಿನ ಪಾಲೂ ಇರುತ್ತದೆ. ಆದರೂ ಸೊಸೆಗೆ ನಾಲ್ಕು ವರ್ಷ ಸ್ಕ್ಯಾನಿಂಗ್, ಲ್ಯಾಪರೊಸ್ಕೋಪಿ, ದರ್ಗಾ, ತಾವೀಜು, ‘ಯಾರೋ ಮಾಟ ಮಾಡಿಸಿದ್ದಾರೆ’ ಎನ್ನುವ ಬಾಬಾ ಎಲ್ಲವೂ ಆಗಿರುತ್ತದೆ. ಮಗನಿಗೆ ಕಡಿಮೆ ಖರ್ಚಿನ ಒಂದು ವೀರ್ಯ ಪರೀಕ್ಷೆ ಆಗಿರುವುದಿಲ್ಲ. ಮಾದರಿ ಕೊಡುವುದು ಹಯಾಕ್ಕೆ ವಿರುದ್ಧ ಎಂಬ ನೆಪವೂ ಕೇಳಿಬರುತ್ತದೆ. ಪತ್ನಿಯ ನೆರವಿನಿಂದ ಮನೆಯಲ್ಲೇ ಮಾದರಿ ಪಡೆದು ಸಮಯದೊಳಗೆ ಪ್ರಯೋಗಾಲಯಕ್ಕೆ ತಲುಪಿಸುವ ಕ್ರಮವಿದೆ, ಕೇಳಿದರೆ ಹೇಳಿಕೊಡುತ್ತಾರೆ. ಅಷ್ಟು ಮಾಡದವನು ‘ಎರಡನೆಯ ನಿಕಾಹ್ ಮಾಡಿಕೊಳ್ಳುತ್ತೇನೆ’ ಎಂದು ಪತ್ನಿಯನ್ನು ಹೆದರಿಸಿದರೆ, ನ್ಯಾಯದ ಷರತ್ತಿನೊಂದಿಗೆ ನೀಡಲಾದ ಅನುಮತಿಯನ್ನು ಅವನು ಬೆದರಿಕೆಯ ದೊಣ್ಣೆ ಮಾಡಿಕೊಂಡಂತೆ. ಅಂಥವನಿಗೆ ಬುದ್ಧಿ ಹೇಳಲು ಮಹಲ್ಲಾದ ಹಿರಿಯರು ಹಿಂಜರಿಯಬಾರದು.

ಕ್ಷಯರೋಗವು ಗರ್ಭನಾಳಗಳನ್ನು ಸದ್ದಿಲ್ಲದೆ ಮುಚ್ಚಿಬಿಡುವುದು ನಮ್ಮ ದೇಶದಲ್ಲಿ ಅಪರೂಪವಲ್ಲ. ಬೇಗ ಗುರುತಿಸಿದರೆ ಅದಕ್ಕೆ ಸರಕಾರಿ ಆಸ್ಪತ್ರೆಗಳಲ್ಲಿ ಔಷಧ ಉಚಿತವಾಗಿಯೇ ಸಿಗುತ್ತದೆ. ಥೈರಾಯ್ಡ್, ಪಿಸಿಒಡಿ ಇತ್ಯಾದಿಗಳಿಗೂ ಐವಿಎಫ್ ಮೊದಲ ಮೆಟ್ಟಿಲಲ್ಲ. ಒಂದು ವರ್ಷ ಕಾದು, ಪತ್ನಿಗೆ 35 ದಾಟಿದ್ದರೆ ಆರೇ ತಿಂಗಳು ಕಾದು, ಇಬ್ಬರೂ ಒಟ್ಟಿಗೆ ವೈದ್ಯರ ಬಳಿ ಹೋಗುವುದು ವಿವೇಕ. ತಡ ಮಾಡುವ ಪ್ರತಿ ವರ್ಷವೂ ಮೇಲೆ ಹೇಳಿದ ಶೇಕಡಾವಾರಿನಿಂದಲೇ ಕಳೆದುಹೋಗುತ್ತದೆ.

ಉಳಿದ ಆ 34 ಮನೆಗಳ ಬಗ್ಗೆ ಜಾಹೀರಾತು ಮಾತಾಡುವುದಿಲ್ಲ, ನಾವಾದರೂ ಮಾತಾಡಬೇಕು. ಹೆಣ್ಣು ಮಕ್ಕಳನ್ನು, ಗಂಡು ಮಕ್ಕಳನ್ನು ಕೊಡುವವನೂ ಅಲ್ಲಾಹನೇ, ಕೆಲವರನ್ನು ಸಂತಾನವಿಲ್ಲದೆ ಇಡುವವನೂ ಅವನೇ ಎಂದು ಸೂರಃ ಅಶ್ಶೂರಾ ತಿಳಿಸುತ್ತದೆ. ಮೂರನ್ನೂ ಅಲ್ಲಿ ಒಂದೇ ಉಸಿರಿನಲ್ಲಿ ಹೇಳಲಾಗಿದೆ. ಮೂರನೆಯವರನ್ನು ಶಿಕ್ಷೆಗೊಳಗಾದವರೆಂದು ಕರೆದಿಲ್ಲ. ಉಮ್ಮುಲ್ ಮುಅ್‌ಮಿನೀನ್ ಆಯಿಶಾ(ರ)ರಿಗೆ ಮಕ್ಕಳಿರಲಿಲ್ಲ. ಅವರಿಗೆ ಅಕ್ಕ ಅಸ್ಮಾ(ರ)ರ ಮಗ ಅಬ್ದುಲ್ಲಾರ ಹೆಸರಿನಿಂದ ‘ಉಮ್ಮು ಅಬ್ದಿಲ್ಲಾಹ್’ ಎಂಬ ಗೌರವನಾಮ ಬಂತು. ಉಮ್ಮತ್ತಿನ ಅರ್ಧ ಜ್ಞಾನವೇ ಅವರಿಂದ ಬಂತೋ ಎನ್ನುವಷ್ಟು ಹದೀಸ್‌ಗಳನ್ನು ಅವರು ಉಳಿಸಿಕೊಟ್ಟರು. ಹೀಗಿರುವಾಗ ಅಕೀಕಾದ ಮನೆಯಲ್ಲಿ, ವಲೀಮಾದ ಪಂಕ್ತಿಯಲ್ಲಿ, ‘ಇನ್ನೂ ಏನೂ ಇಲ್ಲವಾ?’ ಎಂದು ಕೇಳುವ ಬಾಯಿಗಳಿಗೆ ಯಾವ ಅಧಿಕಾರ?

ಚಿಕಿತ್ಸೆ ಕೈಗೂಡದವರಿಗೆ ಅನಾಥ ಮಗುವೊಂದನ್ನು ಬೆಳೆಸುವ ಬಾಗಿಲು ತೆರೆದೇ ಇದೆ. ಮಗುವನ್ನು ಅದರ ನಿಜವಾದ ತಂದೆಯ ಹೆಸರಿನಿಂದಲೇ ಗುರುತಿಸಬೇಕೆಂದು ಕುರ್‌ಆನ್ ಆಜ್ಞಾಪಿಸಿದೆ, ಸಾಕುವುದನ್ನು ತಡೆದಿಲ್ಲ. ಅನಾಥರ ಪೋಷಕನು ಸ್ವರ್ಗದಲ್ಲಿ ತಮ್ಮ ಸಮೀಪವಿರುವನೆಂದು ಪ್ರವಾದಿ(ಸ)ರು ಎರಡು ಬೆರಳುಗಳನ್ನು ತೋರಿಸಿ ಶುಭವಾರ್ತೆ ನೀಡಿದ್ದಾರೆ. 1890ರ ಪೋಷಕರು ಮತ್ತು ಪಾಲಿತರ ಕಾಯ್ದೆಯಡಿ ಪೋಷಕತ್ವ ಪಡೆದರೆ ವಂಶದ ಹೆಸರು ಬದಲಾಗದೆಯೇ ಮಗುವನ್ನು ಬೆಳೆಸಬಹುದು. ವಸಿಯ್ಯತ್ ಮೂಲಕ ಆಸ್ತಿಯ ಮೂರನೇ ಒಂದರಷ್ಟನ್ನು ಆ ಮಗುವಿಗೆ ಬರೆಯಲೂ ಬರುತ್ತದೆ.

ಶಿವಾಜಿನಗರದ ಗೋಷಾ ಆಸ್ಪತ್ರೆಯ ಹೆಸರು ಗೊತ್ತಿಲ್ಲದವರು ಕಂಟೋನ್ಮೆಂಟಿನಲ್ಲಿ ಇಲ್ಲ. ಪರ್ದಾ ಪಾಲಿಸುವ ಹೆಣ್ಣು ಮಕ್ಕಳು ಸಂಕೋಚದಿಂದ ಹೆರಿಗೆಗೆ ಆಸ್ಪತ್ರೆಗೆ ಬಾರದಿದ್ದ ಕಾಲದಲ್ಲಿ, ಅವರಿಗೆಂದೇ ಅದನ್ನು ಕಟ್ಟಿಸಿಕೊಟ್ಟವರು ವ್ಯಾಪಾರಿ ಹಾಜಿ ಸರ್ ಇಸ್ಮಾಯಿಲ್ ಸೇಟ್. ಇಂದು ಅದು ಎಲ್ಲ ಧರ್ಮದ ತಾಯಂದಿರೂ ಬರುವ ಸರಕಾರಿ ಹೆರಿಗೆ ಆಸ್ಪತ್ರೆ. ಅಂದಿನ ಸಂಕೋಚ ಹೆರಿಗೆಯದಾಗಿತ್ತು. ಇಂದಿನದು ಹೆರಿಗೆಯೇ ಆಗದವರದು. ಅದಕ್ಕೆ ಆಸ್ಪತ್ರೆ ಕಟ್ಟಿಸಬೇಕಾಗಿಲ್ಲ. ಬೈಯಪ್ಪನಹಳ್ಳಿ, ಹಲಸೂರು, ಕೆ.ಆರ್. ಪುರದ ಕಡೆಯ ಮಸೀದಿ ಕಮಿಟಿಗಳು ಒಟ್ಟುಸೇರಿದರೆ ತಿಂಗಳಿಗೊಂದು ಭಾನುವಾರ ಒಂದು ಕೋಣೆ ಸಾಕು. ನಿವೃತ್ತರಾದ ಒಬ್ಬ ಸ್ತ್ರೀರೋಗ ತಜ್ಞೆ, ಚಿಕಿತ್ಸೆಯ ಮಸ್‌ಅಲಗಳನ್ನು ಬಲ್ಲ ಒಬ್ಬ ಆಲಿಮ್, ಮಾತಾಡಿಸಬಲ್ಲ ಒಬ್ಬ ಹಿರಿಯ ಮಹಿಳೆ. ಮುಂಗಡ ಕಟ್ಟುವ ಮುನ್ನ ದಂಪತಿ ತಮ್ಮ ಫೈಲು ತಂದು ತೋರಿಸಲಿ, ಗಂಡನ ವರದಿ ಅದರಲ್ಲಿ ಇದೆಯೋ ಇಲ್ಲವೋ ಎಂದು ಮೊದಲು ನೋಡಲಿ. ಬಡ್ಡಿಯಿಲ್ಲದ ಸಾಲ ನೀಡುವ ಬೈತುಲ್‌ಮಾಲ್‌ಗಳು ವ್ಯಾಪಾರಕ್ಕೆ, ಮನೆ ರಿಪೇರಿಗೆ ಕೊಡುವಂತೆ, ಮೊದಲ ಹಂತದ ಪರೀಕ್ಷೆಗಳಿಗೂ ಸಣ್ಣ ಮೊತ್ತವನ್ನು ಮೀಸಲಿಡಲಿ. ಯಾರು ಬಂದರು ಎಂಬುದನ್ನು ಬರೆದಿಡುವ ರಿಜಿಸ್ಟರ್ ಮಾತ್ರ ಆ ಕೋಣೆಯಲ್ಲಿ ಬೇಡ.